ಗುಮ್ಮಟದಿಂದ ನೂರು ಮೀಟರ್: ವಿಜಯಪುರದಲ್ಲಿ ಮನೆ ರಿಪೇರಿಗೂ ಸ್ಮಾರಕಕ್ಕೂ ಇರುವ ನಂಟು

ವಿಜಯಪುರದ ಹಳೇ ಊರಿನ ಕಡೆ ಜಾಗ ನೋಡಲು ಹೋದರೆ ನೀರು, ರಸ್ತೆ, ಉತಾರ ವಿಚಾರಿಸಿದ ಮೇಲೆ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ಇಲ್ಲಿ ಎಎಸ್‌ಐ ಬರ್ತದೇನ್ರಿ?" ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಂತ ಪೂರ್ತಿ ಹೆಸರು ಹೇಳುವವರು ಕಡಿಮೆ. ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ನೂರು ಮೀಟರ್ ಬಿಟ್ಟರೆ ಸಾಕು ಅನ್ನುವವರಿದ್ದಾರೆ. ಮುನ್ನೂರು ಅನ್ನುವವರಿದ್ದಾರೆ. ಸುಣ್ಣ ಬಳಿಯಲೂ ದಿಲ್ಲಿಗೆ ಬರೆಯಬೇಕು ಅಂತ ಹೆದರಿಸುವವರಿದ್ದಾರೆ. "ಕಟ್ಟ್ರಿ, ಯಾರೂ ಕೇಳಂಗಿಲ್ಲ" ಅನ್ನುವ ಏಜೆಂಟರಂತೂ ಯಾವ ಓಣಿಗೆ ಹೋದರೂ ಸಿಗುತ್ತಾರೆ.

ಕಾನೂನಿನಲ್ಲಿ ಬರೆದಿರುವುದು ಅಷ್ಟೇನೂ ಗೊಂದಲವಾಗಿಲ್ಲ. ತೊಂದರೆ ಇರುವುದು ಬೇರೆ ಕಡೆ. ಗೋಳಗುಮ್ಮಟಕ್ಕೆ ಹಿಡಿಯುವ ಅಳತೆಪಟ್ಟಿಯನ್ನೇ ಓಣಿಯ ಮೂಲೆಯ ಸಣ್ಣ ಗುಮ್ಮಟಕ್ಕೂ ಹಿಡಿಯುತ್ತೇವೆ. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆ ಗೋಡೆಗೂ ಅದನ್ನೇ ಹಿಡಿಯುತ್ತೇವೆ. ಹಾಗಾಗಿ ದೊಡ್ಡ ಸ್ಮಾರಕಕ್ಕೆ ಸಿಗಬೇಕಾದ ರಕ್ಷಣೆ ಸಿಗುತ್ತಿಲ್ಲ, ಪಕ್ಕದ ಸಣ್ಣ ಮನೆಯವರಿಗೆ ಮಾಳಿಗೆ ರಿಪೇರಿ ಮಾಡಿಸುವುದೂ ಕಷ್ಟವಾಗಿದೆ.

ನಿಯಮ ಏನು ಹೇಳುತ್ತದೆ

ಮೂಲ ಕಾನೂನು 1958ರದು: ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳು ಹಾಗೂ ಅವಶೇಷಗಳ ಕಾಯ್ದೆ. ಮೊದಮೊದಲು ಅದು ಸ್ಮಾರಕವನ್ನಷ್ಟೇ ಕಾಯುತ್ತಿತ್ತು. ಸುತ್ತಲಿನ ಜಾಗದ ಮಾತು ಬಂದದ್ದು 1992ರ ಜೂನ್ 16ರ ಅಧಿಸೂಚನೆಯಿಂದ. ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಅಂತ ಆಯಿತು. ಒಟ್ಟು 300 ಮೀಟರ್. ನೂರು ಅನ್ನುವವರೂ ಮುನ್ನೂರು ಅನ್ನುವವರೂ ಅರ್ಧರ್ಧ ಸರಿ ಹೇಳುತ್ತಿರುವುದು ಇದಕ್ಕೇ.

ಆ ಮೇಲೂ ಹಲವು ವರ್ಷ ನಿಷೇಧಿತ ಪ್ರದೇಶದೊಳಗೇ ಕಟ್ಟಲು ಒಂದು ತಜ್ಞರ ಸಮಿತಿಯ ಮೂಲಕ ಅನುಮತಿ ಕೊಡುತ್ತಿದ್ದರು. ಹೀಗೆ ಕೊಡುವ ಅಧಿಕಾರವೇ ಇಲ್ಲ ಅಂತ 2009ರಲ್ಲಿ ದಿಲ್ಲಿ ಹೈಕೋರ್ಟ್ ಹೇಳಿತು. ಕೇಂದ್ರ ಸರ್ಕಾರ ಅವಸರದಲ್ಲಿ 2010ರ ಜನವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಮಾರ್ಚ್‌ನಲ್ಲಿ ತಿದ್ದುಪಡಿ ಕಾಯ್ದೆಯೇ ಬಂತು. ಅಧಿಸೂಚನೆಯಲ್ಲಿದ್ದ ನೂರು, ಇನ್ನೂರರ ಲೆಕ್ಕ ನೇರವಾಗಿ ಕಾಯ್ದೆಯೊಳಗೆ ಸೇರಿತು. ಈಗ ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಯಾರೂ ಅನುಮತಿ ಕೊಡುವಂತಿಲ್ಲ. ಸರ್ಕಾರದ ಸಾರ್ವಜನಿಕ ಕಾಮಗಾರಿಗೂ ವಿನಾಯಿತಿ ಇಲ್ಲ. ಇದನ್ನು ಸಡಿಲಿಸುವ ಮಸೂದೆ 2018ರ ಜನವರಿಯಲ್ಲಿ ಲೋಕಸಭೆ ದಾಟಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. ಕಾನೂನಾಗಲಿಲ್ಲ.

ಅಳತೆಯ ಬಗ್ಗೆ ಒಂದು ಮಾತು. ಮೀಟರ್ ಎಣಿಸುವುದು ಸ್ಮಾರಕದ ಗೋಡೆಯಿಂದಲ್ಲ, ಸಂರಕ್ಷಿತ ಎಂದು ಘೋಷಿಸಿದ ಜಾಗದ ಗಡಿಯಿಂದ. ಗೋಳಗುಮ್ಮಟದ ಸುತ್ತ ತೋಟ, ಕಂಪೌಂಡ್ ಎಲ್ಲ ಇದೆಯಲ್ಲ, ಅಂಥ ಕಡೆ ಈ ವ್ಯತ್ಯಾಸ ಸಣ್ಣದಲ್ಲ. "ಗುಮ್ಮಟದಿಂದ ನಮ್ಮನಿ ನೂರೈವತ್ತು ಮೀಟರ್ ಅದ" ಅಂತ ಧೈರ್ಯವಾಗಿ ಕುಳಿತವರು ನಕ್ಷೆ ತೆಗೆಸಿ ನೋಡುವುದು ಒಳ್ಳೆಯದು.

ಒಂದು ಮಾಳಿಗೆ ಮನೆ

ಇಷ್ಟನ್ನೂ ಒಂದು ಮನೆಗೆ ಹಚ್ಚಿ ನೋಡೋಣ. ಜಾಮಿ ಮಸೀದಿ ಕಡೆಯದೋ ಆಸಾರ್ ಮಹಲ್ ಕಡೆಯದೋ ಒಂದು ಓಣಿ ಅಂದುಕೊಳ್ಳಿ. ಅಜ್ಜನ ಕಾಲದ ಮನೆ. ಕಲ್ಲಿನ ಗೋಡೆ, ಕಟ್ಟಿಗೆಯ ತೊಲೆ, ಜಂತಿ, ಮೇಲೆ ಮಣ್ಣಿನ ಮೇಲ್ಮುದ್ದೆ. ಪಡಸಾಲೆಗೆ ಫರಸಿ ಹಾಸಿದೆ. ಸ್ಮಾರಕದ ಗಡಿಯಿಂದ ಅರವತ್ತು ಮೀಟರ್ ದೂರ. ಮಳೆಗೆ ಮಾಳಿಗೆ ಸೋರುತ್ತದೆ, ಎರಡು ಜಂತಿ ಹುಳ ಹಿಡಿದು ಟೊಳ್ಳಾಗಿವೆ. ಮಗನ ಮದುವೆ ಆಗಿದೆ, ಇನ್ನೊಂದು ಖೋಲಿ ಬೇಕು.

ಕಾಯ್ದೆಯಲ್ಲಿ ಕೆಲಸಗಳಿಗೆ ಮೂರು ದರ್ಜೆ ಇವೆ. ಹೊಸದಾಗಿ ಕಟ್ಟುವುದು, ಇದ್ದ ಕಟ್ಟಡವನ್ನು ಅದೇ ಉದ್ದ, ಅಗಲ, ಎತ್ತರಕ್ಕೆ ಮತ್ತೆ ಕಟ್ಟುವುದು, ದುರಸ್ತಿ ಮತ್ತು ನವೀಕರಣ. ಹೊಸದಾಗಿ ಕಟ್ಟುವುದರಲ್ಲಿ ಮೇಲಕ್ಕೆ ಏರಿಸುವುದೂ ಬಂತು, ಪಕ್ಕಕ್ಕೆ ಬೆಳೆಸುವುದೂ ಬಂತು. ನಿಷೇಧಿತ ಪ್ರದೇಶದಲ್ಲಿ ಮೊದಲ ಎರಡಕ್ಕೂ ಅವಕಾಶ ಇಲ್ಲ. ಮೂರನೆಯದಕ್ಕೆ ಮಾತ್ರ ಇದೆ, ಅದೂ ಅನುಮತಿ ಪಡೆದು. ಕಟ್ಟಡ 1992ರ ಜೂನ್ 16ಕ್ಕಿಂತ ಮೊದಲಿನದಾಗಿರಬೇಕು ಅಥವಾ ಆ ಮೇಲೆ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದ್ದಾಗಿರಬೇಕು.

ನಮ್ಮ ಮಾಳಿಗೆ ಮನೆಯಲ್ಲಿ ಟೊಳ್ಳಾದ ಜಂತಿ ಬದಲಿಸುವುದು ದುರಸ್ತಿ. ಅರ್ಜಿ ಹಾಕಿ ಮಾಡಿಸಬಹುದು. ಮಾಳಿಗೆ ಮೇಲೆ ಒಂದು ಖೋಲಿ ಏರಿಸುವುದು ಹೊಸ ಕಟ್ಟಡ. ಆಗುವುದಿಲ್ಲ. ಗೋಡೆ ಸಮೇತ ಕೆಡವಿ ಅಷ್ಟೇ ಅಳತೆಗೆ ಆರ್‌ಸಿಸಿ ಮನೆ ಕಟ್ಟುವುದು ಮರುನಿರ್ಮಾಣ. ಅದೂ ಇಲ್ಲ. ಗೋಡೆ ಹಾಗೇ ಬಿಟ್ಟು ಮೇಲ್ಮುದ್ದೆ ತೆಗೆದು ಅದೇ ಮಟ್ಟಕ್ಕೆ ಸ್ಲ್ಯಾಬ್ ಹಾಕಿದರೆ? ಇಲ್ಲಿ ವಾದ ಶುರುವಾಗುತ್ತದೆ. ಗೌಂಡಿ ಅದನ್ನು ರಿಪೇರಿ ಅನ್ನುತ್ತಾನೆ. ಕಡತ ನೋಡುವವರು ಮರುನಿರ್ಮಾಣ ಅನ್ನಬಹುದು. ಅರ್ಜಿಯ ಜೊತೆ ಇಡುವ ಫೋಟೊ, ನಕ್ಷೆ ಎಷ್ಟು ಸ್ಪಷ್ಟವಾಗಿವೆ ಅನ್ನುವುದರ ಮೇಲೆ ಹಣೆಬರಹ ನಿಂತಿರುತ್ತದೆ.

ಹಿತ್ತಿಲಲ್ಲಿ ಒಂದು ಶೌಚಾಲಯ ಕಟ್ಟಿಸಬೇಕು ಅಂದರೆ ಇನ್ನೊಂದು ವಿಚಿತ್ರ ಎದುರಾಗುತ್ತದೆ. ಚರಂಡಿ ಕೆಲಸ, ಸಾರ್ವಜನಿಕ ಶೌಚಾಲಯ, ಜನರಿಗೆ ನೀರು ಮತ್ತು ಕರೆಂಟು ಕೊಡುವ ಕೆಲಸ, ಇವನ್ನು ಕಾಯ್ದೆ ಹೊಸ ಕಟ್ಟಡದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೀದಿಯಲ್ಲಿ ಸಾರ್ವಜನಿಕ ಶೌಚಾಲಯ ಬರಬಹುದು. ಮನೆಯ ಹಿತ್ತಿಲಲ್ಲಿ ಸ್ವಂತದ್ದು ಕಟ್ಟಿದರೆ ಅದು ಪಕ್ಕಕ್ಕೆ ಬೆಳೆಸಿದ ಹಾಗೆ. ಕಾನೂನು ಬರೆದವರ ಮನಸ್ಸಿನಲ್ಲಿ ಇದು ಇತ್ತೋ ಇಲ್ಲವೋ, ಅಕ್ಷರದಲ್ಲಿ ಇರುವುದು ಹಾಗೆ.

ಇದೇ ಮನೆ ಸ್ಮಾರಕದ ಗಡಿಯಿಂದ 160 ಮೀಟರ್ ದೂರ ಇದ್ದಿದ್ದರೆ ಮೂರು ದರ್ಜೆಯ ಕೆಲಸಕ್ಕೂ ಅರ್ಜಿ ಹಾಕಬಹುದಿತ್ತು. ನಿಯಂತ್ರಿತ ಪ್ರದೇಶ ಅಂದರೆ ಕಟ್ಟಲೇಬಾರದು ಅಂತಲ್ಲ, ಕೇಳಿ ಕಟ್ಟಬೇಕು ಅಂತ. ಇದನ್ನು ಎಷ್ಟೋ ಜನ ತಪ್ಪು ತಿಳಿದಿದ್ದಾರೆ. ಜಾಗ ಮಾರಲಿಕ್ಕೂ ಈ ಕಾಯ್ದೆ ಅಡ್ಡ ಬರುವುದಿಲ್ಲ. ಆದರೂ "ಎಎಸ್‌ಐ ಅದ" ಅಂತ ಹೆದರಿಸಿ ಬೆಲೆ ಇಳಿಸಿ ಕೊಳ್ಳುವವರು ಇದ್ದೇ ಇದ್ದಾರೆ.

ಅರ್ಜಿಯ ದಾರಿ, ಸೆಪ್ಟೆಂಬರ್ ಮಳೆ

ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಿಯ, ಅಂದರೆ ಈ ಅನುಮತಿಗೆಂದೇ ಇರುವ ಅಧಿಕಾರಿಯ ಹತ್ತಿರ. ಅವರು 15 ದಿನದಲ್ಲಿ ಅದನ್ನು ದಿಲ್ಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ದಾಟಿಸಬೇಕು. ಈ ಪ್ರಾಧಿಕಾರ ಹುಟ್ಟಿದ್ದೂ 2010ರ ತಿದ್ದುಪಡಿಯಿಂದಲೇ. ಅಲ್ಲಿಂದ ಅಭಿಪ್ರಾಯ ಬರಲು 2 ತಿಂಗಳು. ಬಂದ ಮೇಲೆ ಕೊಡುವುದೋ ಬಿಡುವುದೋ ತಿಳಿಸಲು 1 ತಿಂಗಳು. ಎಲ್ಲ ಗಡುವೂ ಸರಿಯಾಗಿ ಪಾಲನೆಯಾದರೆ ಮೂರೂವರೆ ತಿಂಗಳು.

ಜೂನ್ ಮೊದಲ ವಾರದ ಮಳೆಗೆ ಮಾಳಿಗೆ ಸೋರಿತು, ಮರುದಿನವೇ ಅರ್ಜಿ ಹಾಕಿದಿರಿ ಅನ್ನೋಣ. ಉತ್ತರ ಸಿಗುವುದು ಸೆಪ್ಟೆಂಬರ್ ನಡುವೆ. ನಮ್ಮ ಕಡೆ ವರ್ಷದ ಜಾಸ್ತಿ ಮಳೆ ಬೀಳುವುದೇ ಸೆಪ್ಟೆಂಬರ್‌ನಲ್ಲಿ. ಎರಡು ಜಂತಿ ಬದಲಿಸಲು ಇಷ್ಟು ಕಾಯುವವರು ಯಾರು? ಒಂದು ಶನಿವಾರ ರಾತ್ರಿ ಗೌಂಡಿಯನ್ನು ಕರೆದು ಕೆಲಸ ಮುಗಿಸಿಬಿಡುತ್ತಾರೆ. ಹೇಗೂ ಕದ್ದು ಮಾಡುವುದೇ ಆದರೆ ಜಂತಿಗೆ ಯಾಕೆ ನಿಲ್ಲಬೇಕು, ಸ್ಲ್ಯಾಬೇ ಹಾಕಿಬಿಡೋಣ, ಅದರ ಮೇಲೊಂದು ಖೋಲಿಯೂ ಬರಲಿ ಅನಿಸುತ್ತದೆ. ಸಣ್ಣ ದುರಸ್ತಿಗೆ ದಾರಿ ಇಷ್ಟು ಉದ್ದ ಇರುವುದರಿಂದಲೇ ದೊಡ್ಡ ಉಲ್ಲಂಘನೆ ಹುಟ್ಟುತ್ತದೆ ಅನ್ನುವುದು ನನ್ನ ಅನಿಸಿಕೆ.

ಅರ್ಜಿ ಈಗ ಆನ್‌ಲೈನ್. ಇಸ್ರೋ ನೆರವಿನಿಂದ ತಯಾರಾದ ಸ್ಮಾರಕ್ ಎಂಬ ಮೊಬೈಲ್ ಆ್ಯಪ್ ಕೂಡ ಇದೆ. ಮನೆಯ ಜಾಗದಲ್ಲಿ ನಿಂತು ಯಾವ ಸ್ಮಾರಕದಿಂದ ಎಷ್ಟು ದೂರ ಅಂತ ಅಳೆಯಬಹುದು. ಒಳ್ಳೆಯ ವ್ಯವಸ್ಥೆಯೇ. ಆದರೆ ಆ್ಯಪ್ ದೂರ ಹೇಳುತ್ತದೆ, ಮನೆ 1992ಕ್ಕಿಂತ ಹಳೆಯದು ಅಂತ ಸಾಬೀತು ಮಾಡುವುದು ನಿಮ್ಮ ಕೆಲಸ. ಸಿಟಿ ಸರ್ವೆಯ ಕಾಗದ, ಹಳೇ ಕರ ಕಟ್ಟಿದ ರಸೀದಿ, ಹಳೇ ಕರೆಂಟ್ ಬಿಲ್ಲು, ಹಿರಿಯರ ಕಾಲದ ವಾಟ್ಣಿ (ಆಸ್ತಿ ಪಾಲು) ಪತ್ರ, ಇಂಥವು ಕೆಲಸಕ್ಕೆ ಬರುತ್ತವೆ. ಮನೆ ಮುಂದೆ ತೆಗೆಸಿದ ಹಳೇ ಮದುವೆ ಫೋಟೊ ಇದ್ದರೆ ಅದನ್ನೂ ಬಿಡಬೇಡಿ. ಇನ್ನೊಂದು ಸಂಗತಿ. ಪಾಲಿಕೆಯ ಕಟ್ಟಡ ಪರವಾನಗಿ ಬೇರೆ, ಈ ಅನುಮತಿ ಬೇರೆ. ಒಂದು ಇದ್ದರೆ ಇನ್ನೊಂದು ಬೇಡ ಅಂತಲ್ಲ.

ಅನುಮತಿ ಇಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ನಿಷೇಧಿತ, ನಿಯಂತ್ರಿತ ಎರಡಕ್ಕೂ ಇದೇ ಶಿಕ್ಷೆ. ಕೇಂದ್ರ ಸರ್ಕಾರದ ಅಧಿಕಾರಿಯೇ ಶಾಮೀಲಾಗಿದ್ದರೆ ಅವರಿಗೆ 3 ವರ್ಷದವರೆಗೆ ಜೈಲು ಎಂದೂ ಇದೆ. ಓದಲು ಗಟ್ಟಿಯಾಗಿದೆ. ಆದರೆ ಓಣಿಯಲ್ಲಿ ಉಸುಕು, ಇಟ್ಟಂಗಿ ಇಳಿಸಿದ ಸಣ್ಣ ಮನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ತಗಡು ಮರೆ ಮಾಡಿಕೊಂಡು ಎದ್ದ ಕಾಂಪ್ಲೆಕ್ಸು ಮೂರನೇ ಅಂತಸ್ತಿಗೆ ಬರುವವರೆಗೂ ಯಾರಿಗೂ ಕಾಣಿಸುವುದಿಲ್ಲ.

ಒಂದೇ ಅಳತೆಯ ಎಡವಟ್ಟು

ಸ್ವಲ್ಪ ಲೆಕ್ಕ ಹಾಕೋಣ. ಸಣ್ಣ ಗುಮ್ಮಟ ಒಂದು ಬಿಂದು ಅಂದುಕೊಂಡರೂ ಅದರ ಸುತ್ತ 100 ಮೀಟರ್ ವೃತ್ತ ಎಳೆದರೆ 7 ಎಕರೆಗಿಂತ ಜಾಸ್ತಿ ಜಾಗ ಒಳಗೆ ಬೀಳುತ್ತದೆ. 300 ಮೀಟರ್ ವೃತ್ತಕ್ಕೆ ಸುಮಾರು 70 ಎಕರೆ. ಬಯಲಿನಲ್ಲಿ ನಿಂತ ಗುಡಿಗೆ ಇದು ತೊಂದರೆಯಲ್ಲ. ಹಳೇ ಪೇಟೆ ನಡುವಿನ ಗುಮ್ಮಟಕ್ಕಾದರೆ ನೂರಾರು ಮನೆ.

ಕೋಟೆ ಗೋಡೆಯ ಲೆಕ್ಕ ಇನ್ನೂ ಬೇರೆ. ಅದು ಬಿಂದುವಲ್ಲ, ಗೆರೆ. ಒಂದು ಕಿಲೋಮೀಟರ್ ಸಂರಕ್ಷಿತ ಗೋಡೆಗೆ ಎರಡೂ ಬದಿ ನೂರು ನೂರು ಮೀಟರ್ ಬಿಟ್ಟರೆ 20 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 49 ಎಕರೆ ನಿಷೇಧಿತ. ಎರಡೂ ಬದಿ ಮುನ್ನೂರು ಹಿಡಿದರೆ ಪ್ರತಿ ಕಿಲೋಮೀಟರಿಗೆ 148 ಎಕರೆ. ವಿಜಯಪುರದ ಗೋಡೆ ಊರನ್ನೇ ಬಳಸಿಕೊಂಡು ಹೋಗುತ್ತದೆ. ಒಳಗೆ ಅರಕಿಲ್ಲೆ ಅನ್ನುವ ಒಳಕೋಟೆಯ ಗೋಡೆ, ಖಂದಕ ಬೇರೆ ಇವೆ. ಇವುಗಳ ನಡುವೆ ಹತ್ತಾರು ಮಸೀದಿ, ಗುಮ್ಮಟ, ಬಾವಡಿ. ಒಂದರ ವೃತ್ತ ಮುಗಿಯುವ ಮೊದಲೇ ಇನ್ನೊಂದರದು ಶುರು. ಹಳೇ ಊರಿನಲ್ಲಿ ಯಾವ ಗೆರೆಯೂ ಮುಟ್ಟದ ಓಣಿ ಹುಡುಕುವುದೇ ಕಷ್ಟ.

ಹೋಗಲಿ, ಇಷ್ಟೆಲ್ಲ ಬಿಗಿ ಮಾಡಿದ್ದಕ್ಕೆ ಗೋಳಗುಮ್ಮಟವಾದರೂ ಚೆನ್ನಾಗಿ ಉಳಿಯುತ್ತದಾ? ಗೋಳಗುಮ್ಮಟದ ದೊಡ್ಡತನ ಇರುವುದು ದೂರದಿಂದ ಕಾಣುವುದರಲ್ಲಿ. ಎತ್ತರ ಸುಮಾರು 51 ಮೀಟರ್, ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ಊರು ಬರುವ ಮೊದಲೇ ಕಣ್ಣಿಗೆ ಬೀಳಬೇಕಾದ ಕಟ್ಟಡ ಅದು. ಈಗ ನೀವು ಅದರಿಂದ ಒಂದು ಕಿಲೋಮೀಟರ್ ದೂರದ ರಸ್ತೆಯಲ್ಲಿ ನಿಂತಿದ್ದೀರಿ ಅನ್ನೋಣ. ನಿಮ್ಮ ಮುಂದೆ 250 ಮೀಟರ್‌ನಲ್ಲಿ 15 ಮೀಟರ್ ಎತ್ತರದ ಒಂದು ಕಟ್ಟಡ ಎದ್ದಿತು. ನಾಲ್ಕೈದು ಅಂತಸ್ತು ಅಷ್ಟೇ. ಕಣ್ಣಿನ ಎತ್ತರ ಒಂದೂವರೆ ಮೀಟರ್ ಹಿಡಿದು ಗೆರೆ ಎಳೆದರೆ, ಆ ಕಟ್ಟಡ ಗೋಳಗುಮ್ಮಟದ ಜಾಗದಲ್ಲಿ 55 ಮೀಟರ್‌ವರೆಗೆ ಮರೆ ಮಾಡುತ್ತದೆ. ಅಂದರೆ ಗುಮ್ಮಟ ಪೂರ್ತಿ ಮಾಯ. ಆ ಕಟ್ಟಡ ಗುಮ್ಮಟದಿಂದ 750 ಮೀಟರ್ ದೂರ ಇದೆ. ನೂರಕ್ಕೂ ಸಿಗುವುದಿಲ್ಲ, ಮುನ್ನೂರಕ್ಕೂ ಸಿಗುವುದಿಲ್ಲ. ಪಾಲಿಕೆಯ ಮಾಮೂಲಿ ಪರವಾನಗಿ ಇದ್ದರೆ ಸಾಕು.

ಅತ್ತ ಅರವತ್ತು ಮೀಟರ್‌ನ ಮಾಳಿಗೆ ಮನೆಯಲ್ಲಿ ಹಿತ್ತಿಲ ಶೌಚಾಲಯ ತಪ್ಪು. ಅದರಿಂದ ಯಾರ ನೋಟಕ್ಕೂ ಅಡ್ಡಿ ಇಲ್ಲ, ಯಾವ ಅಡಿಪಾಯಕ್ಕೂ ಧಕ್ಕೆ ಇಲ್ಲ. ದೂರ ಮಾತ್ರ ಅಳೆಯುವ ಕಾನೂನಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ.

ನೆಲದಡಿಯ ಕಥೆಯೂ ಇದೇ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದಲೂ ಬೇಗಂ ತಲಾಬಿನಿಂದಲೂ ಊರೊಳಗೆ ನೀರು ಬರುತ್ತಿತ್ತು. ನೆಲದಡಿ ಸುರಂಗ, ಮಣ್ಣಿನ ಕೊಳವೆ, ನಡುನಡುವೆ ಒತ್ತಡ ತಗ್ಗಿಸುವ ನೀರಿನ ಗೋಪುರ. ಗಂಜ್ ಅನ್ನುತ್ತೇವಲ್ಲ, ಅವು. ಮೇಲೆ ಕಾಣುವ ಗಂಜ್, ತಾಜ್ ಬಾವಡಿ, ಚಾಂದ್ ಬಾವಡಿ ನಮಗೆ ಗೊತ್ತು. ಅವನ್ನು ಒಂದಕ್ಕೊಂದು ಕೂಡಿಸುವ ಕೊಳವೆ ಯಾವ ಮನೆಯ ಕೆಳಗೆ ಹಾದಿದೆ ಅಂತ ಕೇಳಿದರೆ ಓಣಿಯವರಿಗೆ ಗೊತ್ತಿರುವುದಿಲ್ಲ. ಬಾವಡಿಯಿಂದ ಐನೂರು ಮೀಟರ್ ಆಚೆ ಯಾರೋ ಬೋರ್ ಕೊರೆಸಿದರೂ ಆ ಸಾಲು ಕಡಿದುಹೋಗಬಹುದು. ತಡೆಯಲು ಈ ನೂರು, ಮುನ್ನೂರರಲ್ಲಿ ಏನೂ ಇಲ್ಲ.

ಬರಬೇಕಾಗಿದ್ದ ಬೈಲಾ

2010ರ ತಿದ್ದುಪಡಿ ಬರೆದವರಿಗೆ ಇದು ಹೊಳೆದಿರಲಿಲ್ಲ ಅಂತಲ್ಲ. ಕಾಯ್ದೆಯ 20ಇ ಕಲಂ ಓದಿ ನೋಡಿ. ಪ್ರತಿ ಸಂರಕ್ಷಿತ ಸ್ಮಾರಕಕ್ಕೂ ಅದರದೇ ಪಾರಂಪರಿಕ ಬೈಲಾ, ಅಂದರೆ ಉಪನಿಯಮ ಮಾಡಬೇಕು ಅನ್ನುತ್ತದೆ. ಅದರಲ್ಲಿ ಸುತ್ತಲಿನ ಕಟ್ಟಡಗಳ ಎತ್ತರ, ಮುಂಭಾಗದ ರೂಪ, ಚರಂಡಿ, ರಸ್ತೆ, ಕರೆಂಟಿನ ಕಂಬ, ನೀರಿನ ಪೈಪು, ಒಳಚರಂಡಿ ಪೈಪು ಎಲ್ಲ ಬರಬೇಕು. ಇಂಟ್ಯಾಕ್‌ನಂಥ ಪರಂಪರೆ ಉಳಿಸುವ ಸಂಸ್ಥೆಯ ಜೊತೆ ಸಮಾಲೋಚಿಸಿ ತಯಾರಿಸಬೇಕು. ಕರಡು ಪ್ರಕಟಿಸಿ 30 ದಿನ ಜನರ ಆಕ್ಷೇಪ ಕೇಳಬೇಕು. ಕೊನೆಗೆ ಸಂಸತ್ತಿನ ಮುಂದೆ ಇಡಬೇಕು.

ಕಾಗದದ ಮೇಲೆ ಇದು ತುಂಬ ಜಾಣ ಯೋಜನೆ. ಆದರೆ ದೇಶದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳು ಸುಮಾರು 3,700. ಕರ್ನಾಟಕದಲ್ಲೇ ಐನೂರಕ್ಕೂ ಹೆಚ್ಚು. ಒಂದೊಂದಕ್ಕೂ ಅಳತೆ, ನಕ್ಷೆ, ಸಮಾಲೋಚನೆ, ಆಕ್ಷೇಪ, ಸಂಸತ್ತು. ಪೂರ್ತಿಯಾಗಿ ಮುಗಿದ ಬೈಲಾಗಳು ಒಟ್ಟು ಲೆಕ್ಕದಲ್ಲಿ ಬಹಳ ಕಡಿಮೆ. ಬೈಲಾ ಇಲ್ಲದ ಕಡೆ ಪ್ರತಿ ಅರ್ಜಿಯನ್ನೂ ಬಿಡಿಬಿಡಿಯಾಗಿ ನೋಡಿ ತೀರ್ಮಾನಿಸುತ್ತಾರೆ. ಹೀಗಾಗಿ ಪಕ್ಕದ ಮನೆಗೆ ಸಿಕ್ಕಿದ ಎತ್ತರ ನಿಮಗೆ ಯಾಕೆ ಸಿಗಲಿಲ್ಲ ಅಂತ ಹೇಳುವವರು ಯಾರೂ ಇರುವುದಿಲ್ಲ.

ಬೈಲಾ ಇದ್ದರೆ ಏನಾಗುತ್ತಿತ್ತು? ವಿಜಯಪುರಕ್ಕೆ ಅನ್ವಯಿಸಿ ಹೇಳುವುದಾದರೆ, ಗೋಳಗುಮ್ಮಟದ ನಿಯಂತ್ರಿತ ಪ್ರದೇಶದಲ್ಲಿ ಯಾವ ರಸ್ತೆಯ ಮುಖಕ್ಕೆ ಎಷ್ಟು ಎತ್ತರ ಅಂತ ಬರೆದಿರುತ್ತಿತ್ತು. ಮನೆ ಮೇಲೆ ನೀರಿನ ಟಾಕಿ, ಮೊಬೈಲ್ ಟವರ್ ಎಲ್ಲಿ ಇಡಬಹುದು ಅಂತ ಇರುತ್ತಿತ್ತು. ಓಣಿಯ ಗುಮ್ಮಟದ ಪಕ್ಕದವರಿಗೆ ತಮ್ಮ ಗೋಡೆ, ಬಾಗಿಲು ಹೇಗಿರಬೇಕು ಅಂತ ಮೊದಲೇ ಗೊತ್ತಿರುತ್ತಿತ್ತು. ನಕ್ಷೆ ತಯಾರಿಸುವ ಇಂಜಿನಿಯರಿಗೂ ಸಲೀಸು.

ಬೈಲಾ ಬಂದರೂ ಅದರ ಕೈ ಮುನ್ನೂರು ಮೀಟರ್ ದಾಟುವುದಿಲ್ಲ ಅನ್ನುವುದನ್ನೂ ಹೇಳಬೇಕು. 750 ಮೀಟರ್‌ನ ಕಟ್ಟಡವನ್ನು ತಡೆಯುವ ಶಕ್ತಿ ಇರುವುದು ನಗರದ ಮಹಾಯೋಜನೆಗೆ. ಅದು ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಡಿ ನಗರಾಭಿವೃದ್ಧಿ ಪ್ರಾಧಿಕಾರ ಮಾಡುವ ಕೆಲಸ. ಯಾವ ರಸ್ತೆಯಿಂದ ಗುಮ್ಮಟ ಕಾಣಲೇಬೇಕು ಅಂತ ಆರಿಸಿ, ಆ ನೋಟದ ಸಾಲಿನಲ್ಲಿ ಎತ್ತರಕ್ಕೆ ಮಿತಿ ಹಾಕಿದರೆ ಸಾಕು. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ. ಎತ್ತರ ಕಳೆದುಕೊಳ್ಳುವ ಜಾಗದ ಮಾಲೀಕರಿಗೆ ಏನಾದರೂ ಕೊಡಬೇಕು, ಅದು ನ್ಯಾಯ. ಮುಂಬೈ 1995ರಿಂದಲೇ ಪಾರಂಪರಿಕ ಕಟ್ಟಡಗಳಿಗೆ ನಗರ ಮಟ್ಟದ ನಿಯಮ ಮಾಡಿಕೊಂಡಿದೆ. ಕಟ್ಟಲಾಗದ ಪಾಲನ್ನು ಬೇರೆ ಕಡೆ ಬಳಸಲು ಅಥವಾ ಮಾರಲು ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಕೊಡುವ ದಾರಿಯೂ ಅಲ್ಲಿ ಇದೆ. ಪಕ್ಕದ ಸೊಲ್ಲಾಪುರವೇ ಮಹಾರಾಷ್ಟ್ರ. ಅವರಿಂದ ಜೋಳ, ದ್ರಾಕ್ಷಿಯ ದರ ಕೇಳುವ ನಾವು ಇದನ್ನೂ ಕೇಳಬಹುದು ಅಲ್ವಾ?

ಐಹೊಳೆ, ಪಟ್ಟದಕಲ್ಲು: ಊರೇ ಒಳಗಿದ್ದರೆ

ಬಾಗಲಕೋಟೆ ಜಿಲ್ಲೆಯಲ್ಲಿ ಸಮಸ್ಯೆಯ ಮುಖವೇ ಬೇರೆ. ಐಹೊಳೆಯಲ್ಲಿ ಗುಡಿಗಳ ನಡುವೆ ಊರಿದೆಯೋ ಊರಿನ ನಡುವೆ ಗುಡಿಗಳಿವೆಯೋ ಹೇಳುವುದು ಕಷ್ಟ. ನೂರಕ್ಕೂ ಹೆಚ್ಚು ಗುಡಿಗಳ ಊರು. ಹಿಂದೆ ಗುಡಿಯೊಳಗೇ ಸಂಸಾರಗಳು ಇದ್ದವು. ಲಾಡಖಾನ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ವಾಸವಿದ್ದವನಿಂದ. ಹಳೇ ಕಟ್ಟಡ ಬಳಸುವುದರಲ್ಲಿ ಸರ್ಕಾರವೇನೂ ಹಿಂದೆ ಬಿದ್ದಿರಲಿಲ್ಲ ಬಿಡಿ. 1885ರ ಹೊತ್ತಿಗೆ ಕಲಾದಗಿಯಿಂದ ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಬಂದಾಗ ಬ್ರಿಟಿಷರು ಚೀನಿ ಮಹಲಿನಲ್ಲಿ ಕಚೇರಿ ಇಟ್ಟರು, ಬುಖಾರಿ ಮಸೀದಿಯಲ್ಲಿ ಅಂಚೆ ಕಚೇರಿ ನಡೆಸಿದರು.

ಐಹೊಳೆಯಲ್ಲಿ ಒಂದು ಗುಡಿಯ ನೂರು ಮೀಟರ್ ಇನ್ನೊಂದರ ನೂರು ಮೀಟರಿಗೆ ತಾಗುತ್ತದೆ. ಮನೆ ಬೆಳೆಸುವಂತಿಲ್ಲ, ಬಿದ್ದರೆ ಕಟ್ಟುವಂತಿಲ್ಲ. ಊರು ಸ್ಥಳಾಂತರದ ಮಾತು ದಶಕಗಳಿಂದ ಎದ್ದು ಕುಳಿತು ಮಾಡುತ್ತಿದೆ. ಸ್ಥಳಾಂತರ ಆಗುತ್ತದೆ ಅನ್ನುವ ನಂಬಿಕೆಯ ಮೇಲೆ ಇದ್ದ ಮನೆಗೆ ಯಾರೂ ದುಡ್ಡು ಹಾಕುವುದಿಲ್ಲ. ಆಗುವುದಿಲ್ಲ ಅನ್ನುವ ಅನುಮಾನದಿಂದ ಬಿಟ್ಟು ಹೋಗುವುದೂ ಇಲ್ಲ. ಇಂಥ ನಡುನೀರಿನ ಬದುಕಿಗೆ ನೂರು ಮೀಟರ್‌ನ ನಿಯಮ ಎಷ್ಟು ಕಾರಣವೋ, ಮುಂದಕ್ಕೆ ಹೋಗುತ್ತಲೇ ಇರುವ ತೀರ್ಮಾನವೂ ಅಷ್ಟೇ ಕಾರಣ.

ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಮಲಪ್ರಭೆ ದಂಡೆಯಲ್ಲೇ ಇದೆ. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಬಂತು. ಹೊಳೆದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ಕರಗಿದವು. ಕಾನೂನಿನ ಕಣ್ಣಿನಿಂದ ನೋಡಿದರೆ ನಿಷೇಧಿತ ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಯನ್ನು ಎತ್ತುವುದು ದುರಸ್ತಿಯಲ್ಲ, ಮರುನಿರ್ಮಾಣ. ಒಂದು ಕಡೆ ನೆರೆ ಪರಿಹಾರವಾಗಿ ಮನೆ ಕಟ್ಟಲು ಸರ್ಕಾರ ದುಡ್ಡು ಕೊಡುತ್ತದೆ, ಇನ್ನೊಂದು ಕಡೆ ಅದೇ ಜಾಗದಲ್ಲಿ ಕಟ್ಟಲು ಕಾನೂನು ಬಿಡುವುದಿಲ್ಲ. ನೆರೆ, ಬೆಂಕಿ, ಭೂಕಂಪದಿಂದ ಬಿದ್ದ ಹಳೇ ಮನೆಗೆ ಅದೇ ಅಳತೆಯಲ್ಲಿ ಮತ್ತೆ ಕಟ್ಟಲು ಒಂದು ಸಾಲಿನ ವಿನಾಯಿತಿ ಸೇರಿಸಿದರೆ ಯಾವ ಗುಡಿಗೂ ನಷ್ಟವಿಲ್ಲ. ಕಾಯ್ದೆ ತಿದ್ದುವುದಾದರೆ ನಾನು ಮೊದಲು ಕೇಳುವುದು ಇದನ್ನೇ.

ಬೆಳಗಾವಿಯ ಕೋಟೆ ಬಹುಪಾಲು ಸೇನೆಯ ಕಣ್ಣಳತೆಯಲ್ಲಿದೆ. 1204ರ ಕಮಲ ಬಸದಿಯ ಸುತ್ತ ಕಾಂಪ್ಲೆಕ್ಸು ಏಳದಿರಲು ಅದೂ ಒಂದು ಕಾರಣ ಇರಬಹುದು. ಅಲ್ಲಿ ಕಳೆದುಹೋಗುತ್ತಿರುವುದು ಯಾವ ಪಟ್ಟಿಯಲ್ಲೂ ಇಲ್ಲದ ಹಳೇ ವಾಡೆಗಳು, ಬಂಗಲೆಗಳು. ಕೇಂದ್ರದ ಪಟ್ಟಿಯಲ್ಲಿ ಇಲ್ಲ, 1961ರ ರಾಜ್ಯ ಸ್ಮಾರಕ ಕಾಯ್ದೆಯ ಪಟ್ಟಿಯಲ್ಲೂ ಇಲ್ಲ. ಮಾಲೀಕರು ಕೆಡವಲು ಹೊರಟರೆ ಕೇಳುವವರಿಲ್ಲ.

ಸಡಿಲಿಸಬೇಕು, ಆದರೆ ಯಾವುದನ್ನು

ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2023ರ ವರದಿಯಲ್ಲಿ, ರಾಷ್ಟ್ರೀಯ ಮಹತ್ವದ ಸ್ಮಾರಕಗಳ ಪಟ್ಟಿಯನ್ನೇ ಮತ್ತೊಮ್ಮೆ ನೋಡಬೇಕು ಅಂತ ಹೇಳಿತು. ಬ್ರಿಟಿಷ್ ಕಾಲದ ಸಾಮಾನ್ಯ ಗೋರಿಗಳೂ ಪಟ್ಟಿಯಲ್ಲಿವೆ, ಅವಕ್ಕೂ ಅದೇ ನೂರು ಮೀಟರ್ ಎಂಬುದು ಅದರ ತಕರಾರು. 2024ರಲ್ಲಿ 18 ಸ್ಮಾರಕಗಳನ್ನು ಪಟ್ಟಿಯಿಂದ ಕೈಬಿಡಲು ಪುರಾತತ್ವ ಇಲಾಖೆ ಹೆಜ್ಜೆ ಇಟ್ಟಿತು. ಇದರ ಜೊತೆಗೆ, ನೂರನ್ನು ಐವತ್ತು ಮಾಡಿ ಅನ್ನುವ ಕೂಗು ಎಲ್ಲ ಊರಲ್ಲೂ ಇದೆ. ಚುನಾವಣೆ ಬಂದಾಗ ನಮ್ಮಲ್ಲೂ ಜೋರಾಗುತ್ತದೆ.

ಐವತ್ತು ಮಾಡಿದರೆ ಏನಾಗುತ್ತದೆ ಅಂತ ಮೇಲಿನ ಲೆಕ್ಕದಲ್ಲೇ ನೋಡಿ. ಅರವತ್ತು ಮೀಟರ್‌ನ ಮಾಳಿಗೆ ಮನೆಯವರಿಗೆ ಅನುಕೂಲ. ನಲವತ್ತರಲ್ಲಿ ಇರುವವರ ಪಾಡು ಈಗಿನಂತೆಯೇ. ಆದರೆ ಬಿಡುಗಡೆಯಾದ ಐವತ್ತು ಮೀಟರ್ ಪಟ್ಟಿಯಲ್ಲಿ ಮೊದಲು ಏಳುವುದು ಮಾಳಿಗೆ ಮನೆಯಲ್ಲ, ಲಾಡ್ಜು ಮತ್ತು ಮಳಿಗೆ. ಸ್ಮಾರಕದ ಮುಂದಿನ ಜಾಗಕ್ಕೆ ಇರುವ ಬೆಲೆ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಮೀಟರ್ ಕಡಿಮೆ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಡಿಲಿಸಬೇಕಾದದ್ದು ಕೆಲಸದ ದರ್ಜೆಯನ್ನು. ವಾಸದ ಮನೆಯ ಜಂತಿ, ಮಾಳಿಗೆ, ಗಿಲಾವು, ಶೌಚಾಲಯಕ್ಕೆ ಜಿಲ್ಲೆಯಲ್ಲೇ ಹತ್ತು ಹದಿನೈದು ದಿನದಲ್ಲಿ ಒಪ್ಪಿಗೆ ಸಿಗಬೇಕು. ಫೋಟೊ ಸಮೇತ ಒಂದು ಹಾಳೆಯ ಅರ್ಜಿ ಸಾಕು. ಕೆಲಸ ಮುಗಿದ ಮೇಲೆ ಒಬ್ಬರು ಬಂದು ನೋಡಿಕೊಂಡು ಹೋಗಲಿ. ಹೊಸ ಅಂತಸ್ತು, ವ್ಯಾಪಾರದ ಕಟ್ಟಡ, ಆಳದ ಅಡಿಪಾಯ, ಇವಕ್ಕೆ ಈಗಿನ ದಾರಿಯೇ ಇರಲಿ. ಇನ್ನೂ ಬಿಗಿಯಾದರೂ ಸರಿ.

ಸ್ಮಾರಕದ ಒಡೆತನ ಯಾರದು, ಅಲ್ಲಿ ಯಾರು ಪ್ರಾರ್ಥನೆ ಮಾಡಬೇಕು ಎಂಬ ಜಗಳವನ್ನು ಇದರೊಳಗೆ ತರುವವರಿದ್ದಾರೆ. ಅದು ಬೇರೆ ಕಡತ. ಒಡೆತನ ಯಾರದ್ದೇ ಆಗಿರಲಿ, ಕೇಂದ್ರದ ಪಟ್ಟಿಯಲ್ಲಿ ಇರುವವರೆಗೆ ನೂರು ಮೀಟರ್ ನೂರೇ.

ವಿಜಯಪುರದ ಯಾವುದಾದರೂ ಸ್ಮಾರಕದ ಬೈಲಾ ಕರಡು ಹೊರಬಿದ್ದ ದಿನ ಓಣಿಯವರಿಗೆ ಸಿಗುವುದು 30 ದಿನ ಮಾತ್ರ. ಕರಡು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಬರುತ್ತದೆ. ವಾರ್ಡ್ ಕಚೇರಿಯ ಗೋಡೆಗೂ ಕನ್ನಡದಲ್ಲಿ ಒಂದು ಪ್ರತಿ ಅಂಟಿಸಿ ಅಂತ ಪಾಲಿಕೆ ಸದಸ್ಯರನ್ನು ಈಗಲೇ ಕೇಳಿಡಬಹುದು. ಆಕ್ಷೇಪ ಬರೆಯುವಾಗ ಸುಮ್ನೆ "ನಮಗೆ ಅನ್ಯಾಯವಾಗಿದೆ" ಅಂತ ಸಹಿ ಮಾಡಿ ಕಳಿಸಿದರೆ ಕಡತಕ್ಕೆ ಒಂದು ಹಾಳೆ ಜಾಸ್ತಿಯಾಗುತ್ತದೆ ಅಷ್ಟೇ. ಸಿಟಿಎಸ್ (ಸಿಟಿ ಸರ್ವೆ) ನಂಬರ್ ಬರೆಯಿರಿ. ಮನೆಯ ಈಗಿನ ಎತ್ತರ, ಸ್ಮಾರಕದ ಗಡಿಯಿಂದ ಇರುವ ದೂರ, ರಸ್ತೆಯ ಅಗಲ ಬರೆಯಿರಿ. ಓಣಿಯ ಎರಡೂ ತುದಿಯಿಂದ ಸ್ಮಾರಕ ಹೇಗೆ ಕಾಣುತ್ತದೆ ಅಂತ ಒಂದೊಂದು ಫೋಟೊ ಹಚ್ಚಿ. ಯಾವ ಕೆಲಸಕ್ಕೆ ಅವಕಾಶ ಬೇಕು ಎಂಬುದನ್ನು ಜಂತಿ, ಮಾಳಿಗೆ, ಶೌಚಾಲಯ ಅಂತ ಬಿಡಿಸಿ ಹೇಳಿ. ಐವತ್ತು ಮನೆಯವರು ಒಂದೇ ಮಾದರಿಯಲ್ಲಿ ಹೀಗೆ ಬರೆದು ಕಳಿಸಿದರೆ ಆ ಓಣಿಯ ಅಳತೆಯ ನಕ್ಷೆಯೇ ತಯಾರಾದಂತೆ.